ತುರ್ತು ಪರಿಸ್ಥಿತಿಯ ಕಾಲದ ರಾಜಕೀಯ ಭಾಷಣಗಳು

ಭಾರತದಲ್ಲಿ ೧೯೭೫ರ ಜೂನ್ ೨೫ರಿಂದ ೧೯೭೭ರ ಮಾರ್ಚ್ ೨೧ರವರೆಗೆ ಜಾರಿಯಲ್ಲಿದ್ದ ತುರ್ತು ಪರಿಸ್ಥಿತಿಯನ್ನು ಸಮರ್ಥಿಸಲು ಆಳುವ ಪಕ್ಷವು ಭಾಷಣ, ಬಾನುಲಿ ಮತ್ತು ಘೋಷಣೆಗಳನ್ನು ವ್ಯಾಪಕವಾಗಿ ಬಳಸಿತು. ನಾಗರಿಕ ಹಕ್ಕುಗಳ ಮೊಟಕನ್ನು ಶಿಸ್ತು, ಬಡವರ ಹಿತ ಹಾಗೂ ರಾಷ್ಟ್ರರಕ್ಷಣೆಯ ಹೆಸರಿನಲ್ಲಿ ಒಪ್ಪಿಸುವುದು ಇವುಗಳ ಮುಖ್ಯ ಲಕ್ಷಣ.

ಹಿನ್ನೆಲೆ

೧೯೭೫ರ ಜೂನ್ ೧೨ರಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿತು. ಎರಡು ವಾರಗಳೊಳಗೆ, ಸಂವಿಧಾನದ ೩೫೨ನೆಯ ವಿಧಿಯಡಿ, 'ಆಂತರಿಕ ಕ್ಷೋಭೆ'ಯ ಕಾರಣ ನೀಡಿ ತುರ್ತು ಪರಿಸ್ಥಿತಿ ಘೋಷಿಸಲಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದುದರಿಂದ ಸರ್ಕಾರದ ಮಾತಿಗೆ ಎದುರುಮಾತು ಅಚ್ಚಾಗುವುದು ದುರ್ಲಭವಾಯಿತು.

ಪ್ರಮುಖ ತಂತ್ರಗಳು

• ಪಿತೂರಿಯ ಆರೋಪ: ಜೂನ್ ೨೬ರ ಬಾನುಲಿ ಭಾಷಣದಲ್ಲಿ ಪ್ರಧಾನಿಯವರು, ಗಾಬರಿಪಡಬೇಕಾಗಿಲ್ಲವೆಂದರು, ತಾವು ಜನಪರ ಕ್ರಮಗಳನ್ನು ಕೈಗೊಂಡಂದಿನಿಂದಲೂ ಪಿತೂರಿ ನಡೆದಿದೆಯೆಂದರು. ನ್ಯಾಯಾಲಯದ ತೀರ್ಪಿನ ಪ್ರಶ್ನೆ ಹೀಗೆ ಬಡವರ ಹಿತದ ಪ್ರಶ್ನೆಯಾಗಿ ಮಾರ್ಪಟ್ಟಿತು.
• ರೋಗದ ರೂಪಕ: ದೇಶಕ್ಕೆ ರೋಗ ತಗುಲಿದೆ, ಕಹಿ ಮದ್ದು ಅನಿವಾರ್ಯವೆಂಬ ವಾದ. ರೋಗಿಯು ವೈದ್ಯರನ್ನು ಪ್ರಶ್ನಿಸಬಾರದೆಂಬ ಸೂಚನೆ ಇದರಲ್ಲೇ ಅಡಗಿದೆ.
• ವ್ಯಕ್ತಿಯೇ ದೇಶ: ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಅವರ 'ಇಂದಿರಾ ಎಂದರೆ ಇಂಡಿಯಾ' ಎಂಬ ಮಾತಿನಂತೆ ನಾಯಕಿಯ ಟೀಕೆ ದೇಶದ್ರೋಹವಾಗಿ ಕಾಣುತ್ತದೆ.
• ಮೌನದ ಹೊಗಳಿಕೆ: 'ಮಾತು ಕಡಿಮೆ, ದುಡಿಮೆ ಹೆಚ್ಚು' ಎಂಬರ್ಥದ ಘೋಷಣೆಯು ಹೇರಿದ ಮೌನವನ್ನೇ ಸದ್ಗುಣವಾಗಿಸಿತು.
• ಸತ್ಯದ ಬೆರಕೆ: ಜುಲೈ ೧ರಂದು ಪ್ರಕಟವಾದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಭೂಮಿತಿ, ಜೀತ ನಿರ್ಮೂಲನೆಯಂಥ ನೈಜ ಅಗತ್ಯಗಳಿದ್ದವು, ೧೯೭೬ರಲ್ಲಿ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯೂ ಬಂತು. ಆದರೆ ಸುಧಾರಣೆ ಬೇಕೆಂದರೆ ಸೆರೆಮನೆಯನ್ನೂ ಒಪ್ಪಬೇಕೆಂಬಂತೆ ಎರಡನ್ನೂ ಒಂದೇ ಕಟ್ಟಾಗಿ ಮುಂದಿಡಲಾಯಿತು.

ಕರ್ನಾಟಕದಲ್ಲಿ

ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ ಹಾಗೂ ಲಾಲ್ ಕೃಷ್ಣ ಆಡ್ವಾಣಿ ಅವರನ್ನು ಜೂನ್ ೨೬ರಂದು ಬಂಧಿಸಲಾಯಿತು. ಬೆಂಗಳೂರಿನ ಸೆರೆಮನೆಯಲ್ಲಿ ಆರೋಗ್ಯ ಕೆಟ್ಟು ಬಿಡುಗಡೆಯಾದ ನಟಿ ಸ್ನೇಹಲತಾ ರೆಡ್ಡಿ ೧೯೭೭ರ ಜನವರಿ ೨೦ರಂದು ತೀರಿಕೊಂಡರು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ದೇಶದಲ್ಲಿ ಸೋತರೂ ರಾಜ್ಯದ ೨೮ ಸ್ಥಾನಗಳಲ್ಲಿ ೨೬ನ್ನು ಗೆದ್ದಿತು. ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆಯನ್ನು ಇದಕ್ಕೆ ಮುಖ್ಯ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಪರಿಣಾಮ

೧೯೭೮ರ ೪೪ನೆಯ ತಿದ್ದುಪಡಿಯು ೩೫೨ನೆಯ ವಿಧಿಯಲ್ಲಿದ್ದ 'ಆಂತರಿಕ ಕ್ಷೋಭೆ' ಎಂಬ ಪದವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಸೇರಿಸಿತು. ಆಳುವವರು ಬೇಕಾದಂತೆ ಹಿಗ್ಗಿಸಬಲ್ಲ ಸಡಿಲ ಪದಕ್ಕೆ ಬದಲಾಗಿ ಖಚಿತ ಪದವೊಂದು ಸಂವಿಧಾನದಲ್ಲಿ ನೆಲೆಗೊಂಡಿತು.