ಪೋಸ್ಟ್: ಒಂದು ಆಂಗ್ಲ ಶಬ್ದದ ಚರಿತ್ರೆ

ಕಂಬ, ಅಂಚೆ, ಹುದ್ದೆ, ಕಾವಲುಠಾಣೆ ಎಂಬ ಒಂದಕ್ಕೊಂದು ಹೊಂದಿಕೆಯಿಲ್ಲದ ಅರ್ಥಗಳನ್ನು ತಾಳಿ, ಸಮಾಸದ ಪೂರ್ವಪದವಾಗಿ ನಿಂತಾಗ ‘ಅನಂತರ’ ಎಂಬ ಅರ್ಥವನ್ನೂ ಕೊಡುವ ಪೋಸ್ಟ್ ಎಂಬುದು ಮೇಲುನೋಟಕ್ಕೆ ಒಂದೇ ಶಬ್ದವಾಗಿ ತೋರಿದರೂ, ವಸ್ತುತಃ ಅದು ಬೇರೆ ಬೇರೆ ಮಾರ್ಗಗಳಿಂದ ಬಂದು ಒಂದೇ ಉಚ್ಚಾರಣೆಯಲ್ಲಿ ಕೂಡಿಕೊಂಡ ನಾಲ್ಕು ಶಬ್ದಗಳ ಸಮುದಾಯ. ನಾಲ್ಕಕ್ಕೂ ತವರು ಲ್ಯಾಟಿನ್ ಭಾಷೆಯೇ. ಆದರೆ ಆ ಭಾಷೆಯ ಮೂರು ಭಿನ್ನ ಪದಗಳಿಂದ ಇವು ಜನಿಸಿವೆ.

ಇವುಗಳಲ್ಲಿ ಅತ್ಯಂತ ಹಳೆಯದು ಕಂಬವೆಂಬ ಅರ್ಥದ್ದು. ಬಾಗಿಲುವಾಡದ ನಿಲುವುಗಂಬವನ್ನು ಲ್ಯಾಟಿನ್ನಿನಲ್ಲಿ ‘ಪೋಸ್ಟಿಸ್’ ಎನ್ನುತ್ತಿದ್ದರು; ಪ್ರಾಚೀನ ಇಂಗ್ಲಿಷಿನ ಕಾಲದಲ್ಲಿಯೇ ಅದು ಬ್ರಿಟನ್ನನ್ನು ಸೇರಿತ್ತು. ಈ ಪದದ ಉತ್ತರಾರ್ಧದಲ್ಲಿ ‘ನಿಲ್ಲು’ ಎಂಬರ್ಥದ ಧಾತುವೊಂದು ಅಡಗಿದೆಯೆಂದೂ, ಅದು ಸಂಸ್ಕೃತದ ‘ಸ್ಥಾ’ ಧಾತುವಿಗೆ ಸೋದರವೆಂದೂ ಭಾಷಾಶಾಸ್ತ್ರಜ್ಞರು ಭಾವಿಸುತ್ತಾರೆ. ಪ್ರಕಟಣೆಯ ಕಾಗದಗಳನ್ನು ಬೀದಿಯ ಕಂಬಗಳಿಗೆ ಅಂಟಿಸುವ ವಾಡಿಕೆಯಿಂದ ಅಂಟಿಸುವ ಕ್ರಿಯೆಗೂ ಇದೇ ಹೆಸರಾಯಿತು. ಭಿತ್ತಿಪತ್ರವು ಪೋಸ್ಟರ್ ಎನಿಸಿಕೊಂಡದ್ದೂ, ಇಂದಿನ ಜಾಲತಾಣಗಳಲ್ಲಿ ಬರೆಹವನ್ನು ಪ್ರಕಟಿಸುವುದಕ್ಕೆ ಈ ಮಾತು ಸಂದದ್ದೂ ಈ ದಾರಿಯಿಂದಲೇ.

ಅಂಚೆಯೆಂಬ ಅರ್ಥದ ಚರಿತ್ರೆ ಇದಕ್ಕಿಂತಲೂ ಸ್ವಾರಸ್ಯವಾದುದು. ಲ್ಯಾಟಿನ್ನಿನ ‘ಪೋನೆರೆ’ ಎಂದರೆ ಇಡು, ನೆಲೆಗೊಳಿಸು. ಅದರ ಸ್ತ್ರೀಲಿಂಗದ ಕೃದಂತವಾದ ‘ಪೋಸಿಟಾ’ ಇಟಲಿಯಲ್ಲಿ ‘ಪೋಸ್ಟಾ’ ಆಗಿ, ಫ್ರಾನ್ಸನ್ನು ಹಾದು, ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದಿತು. ರಾಜನ ಓಲೆಗಳು ತಡವಿಲ್ಲದೆ ಸಾಗಬೇಕಾದರೆ ದಾರಿಯುದ್ದಕ್ಕೂ ಗೊತ್ತಾದ ಎಡೆಗಳಲ್ಲಿ ಸವಾರರನ್ನೂ ಬಳಲದ ಕುದುರೆಗಳನ್ನೂ ನಿಲ್ಲಿಸಿರಬೇಕಷ್ಟೆ. 1490ರಲ್ಲಿ ಟಾಕ್ಸಿಸ್ ಮನೆತನದವರು ಇನ್ಸ್‌ಬ್ರುಕ್‌ನಿಂದ ಮೆಹೆಲೆನ್‌ವರೆಗೆ ಏರ್ಪಡಿಸಿದ ಮಾರ್ಗವು ಇಂಥದೇ. ಆದುದರಿಂದ ಮೊದಮೊದಲು ಪೋಸ್ಟ್ ಎಂದರೆ ಕಾಗದವೂ ಅಲ್ಲ, ಕಚೇರಿಯೂ ಅಲ್ಲ. ಓಲೆಯನ್ನು ಕೈಗೆತ್ತಿಕೊಂಡು ಮುಂದಿನ ಠಾಣೆಗೆ ಓಡಲು ಸಿದ್ಧನಾಗಿ ನಿಂತ ಸವಾರನೇ ಪೋಸ್ಟ್. ಟ್ಯೂಡರ್ ಅರಸರ ಕಾಲದ ಓಲೆಗಳ ಹೊರಮಡಿಕೆಯ ಮೇಲೆ ‘ಹೇಸ್ಟ್, ಪೋಸ್ಟ್, ಹೇಸ್ಟ್’ ಎಂದು ಬರೆದು, ಅಂದರೆ ‘ಬೇಗ, ಸವಾರನೇ, ಬೇಗ’ ಎಂದು ಆತನನ್ನೇ ಸಂಬೋಧಿಸಿ, ಕೆಲವೊಮ್ಮೆ ತಡಮಾಡಿದವನಿಗೆ ಒದಗಬಹುದಾದ ಗತಿಯನ್ನು ಸೂಚಿಸಲು ಗಲ್ಲುಗಂಬದ ಚಿತ್ರವನ್ನೂ ಬರೆಯುತ್ತಿದ್ದರು. ಅಕ್ಷರ ಬಾರದ ಸವಾರನಿಗೂ ಆ ಚಿತ್ರದ ಅರ್ಥ ತಿಳಿಯದಿರಲು ಕಾರಣವಿರಲಿಲ್ಲ. 1635ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯು ಈ ರಾಜವ್ಯವಸ್ಥೆಯನ್ನು ಪ್ರಜೆಗಳಿಗೂ ತೆರೆದನು. 1840ರಲ್ಲಿ ಒಂದು ಪೆನ್ನಿಯ ಅಂಚೆಚೀಟಿ ಹೊರಟಿತು. ಅಷ್ಟರೊಳಗಾಗಿ ಶಬ್ದವು ಸವಾರನನ್ನು ಬಿಟ್ಟು ಅವನು ಹೊತ್ತ ಕಾಗದಗಳಿಗೂ, ಅವನ್ನು ಸಾಗಿಸುವ ಇಲಾಖೆಗೂ ಅಂಟಿಕೊಂಡಿತ್ತು.

ಅದೇ ಕೃದಂತದ ನಪುಂಸಕ ರೂಪವಾದ ‘ಪೋಸಿಟುಂ’ ಇಟಲಿಯಲ್ಲಿ ‘ಪೋಸ್ಟೋ’ ಆಯಿತು. ಸೈನಿಕನನ್ನು ನಿಲ್ಲಿಸಿದ ಸ್ಥಾನವೆಂಬ ಅರ್ಥದಿಂದ ಹೊರಟ ಇದು ಕ್ರಮೇಣ ಅಧಿಕಾರಸ್ಥಾನಕ್ಕೂ ಉದ್ಯೋಗಕ್ಕೂ ಹೆಸರಾಯಿತು. ಹೀಗಾಗಿ ಅಂಚೆಯೂ ಹುದ್ದೆಯೂ ಒಡಹುಟ್ಟಿದವು. ಕಂಬವು ಅವುಗಳ ಬಳಗಕ್ಕೆ ಸೇರಿದುದಲ್ಲ.

‘ಅನಂತರ’ ಎಂಬ ಅರ್ಥದ ‘ಪೋಸ್ಟ್’ ಮಾತ್ರ ಲ್ಯಾಟಿನ್ನಿನ ಅವ್ಯಯವಾಗಿಯೇ ಉಳಿದು ಬಂದುದು. ಗಡಿಯಾರದ ಹೊತ್ತಿನ ಮುಂದೆ ನಾವು ಬರೆಯುವ ‘ಪಿ.ಎಂ.’ ಎಂಬ ಅಕ್ಷರಗಳಲ್ಲಿ ಮೊದಲನೆಯದು ಇದೇ. ‘ಪೋಸ್ಟ್ ಮೆರಿಡಿಯೆಮ್’ ಎಂದರೆ ಮಧ್ಯಾಹ್ನದ ಅನಂತರ. ಮುಂದೂಡು ಎಂಬರ್ಥದ ‘ಪೋಸ್ಟ್‌ಪೋನ್’ ಶಬ್ದದಲ್ಲಿ ಈ ಅವ್ಯಯವೂ ಮೇಲೆ ಹೇಳಿದ ‘ಪೋನೆರೆ’ ಧಾತುವೂ ಒಟ್ಟಿಗೆ ಸೇರಿರುವುದು ಗಮನಿಸತಕ್ಕದ್ದು. ಮರಣಾನಂತರದ್ದೆಂಬ ಅರ್ಥದ ‘ಪೋಸ್ತುಮಸ್’ ಶಬ್ದದ ಕಾಗುಣಿತದಲ್ಲಿರುವ ಹಕಾರವಾದರೋ, ಕಡೆಯದು ಎಂಬರ್ಥದ ಲ್ಯಾಟಿನ್ ಪದವನ್ನು ‘ಹ್ಯೂಮಸ್’, ಅಂದರೆ ಮಣ್ಣು, ಎಂಬುದಕ್ಕೆ ತಪ್ಪಾಗಿ ಗಂಟುಹಾಕಿದುದರ ಫಲ.

ಕನ್ನಡದ ಆಡುಮಾತಿಗೆ ಈ ನಾಲ್ಕೂ ಬಂದಿವೆ: ಕಾಗದವನ್ನು ಪೋಸ್ಟಿಗೆ ಹಾಕುತ್ತೇವೆ, ಮೇಷ್ಟರ ಪೋಸ್ಟು ಖಾಲಿಯಿದೆ ಎನ್ನುತ್ತೇವೆ, ಗೋಲ್‌ಪೋಸ್ಟೂ ಪೋಸ್ಟ್‌ಮಾರ್ಟಮ್ಮೂ ನಮಗೆ ಅಪರಿಚಿತವಲ್ಲ. ಆದರೆ ಹಳಗನ್ನಡದಲ್ಲಿ ಹಂಸಕ್ಕೂ ಹೆಸರಾಗಿದ್ದ ‘ಅಂಚೆ’ ಎಂಬ ಮಾತು, ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ನೆಲೆಗೊಳಿಸಿದ ಓಲೆಯ ವ್ಯವಸ್ಥೆಯ ಹೆಸರಾಗಿದ್ದುದು, ಆ ಸಂಸ್ಥೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋದ ಮೇಲೆಯೂ ಕನ್ನಡದ ಬರೆಹದಲ್ಲಿ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.