ಮನೆ ಸಾಲದ ಏಜೆಂಟರ ಒಪ್ಪಂದದಿಂದ ಹಿಂದೆ ಸರಿಯುವುದು ಹೇಗೆ?

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಕಟ್ಟಿದ ಫ್ಲ್ಯಾಟುಗಳನ್ನು ಸಮಾಜದ ಅನೇಕ ಯುವ ಕುಟುಂಬಗಳು ಮೊದಲ ಬಾರಿಗೆ ಸಾಲ ಮಾಡಿ ಕೊಳ್ಳುತ್ತಿವೆ. ಸಾಲ ಕೊಡಿಸುವ ಏಜೆಂಟರು ಹೆಚ್ಚಾಗಿ ಪರಿಚಯದವರ ಮೂಲಕವೇ ಬರುತ್ತಾರೆ. ಚಿಕ್ಕಪೇಟೆಯ ಅಂಗಡಿಯಲ್ಲೋ ಮದುವೆ ಮನೆಯಲ್ಲೋ ಮಾತಾಗಿ, ಎರಡು ದಿನದಲ್ಲಿ ಸಹಿಯೂ ಬಿದ್ದಿರುತ್ತದೆ. ಆಮೇಲೆ ಬೇರೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿ ಸಿಕ್ಕಿದರೆ, ಅಥವಾ ಖಾತೆಯಲ್ಲೇ ತೊಡಕು ಕಂಡರೆ, ಹಿಂದೆ ಸರಿಯಲು ದಾಕ್ಷಿಣ್ಯ ಅಡ್ಡ ಬರುತ್ತದೆ. ಕಾನೂನು ಅಷ್ಟು ಅಡ್ಡ ಬರುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ಏಜೆಂಟರು ಯಾರ ಕಡೆಯವರು ಎಂಬುದು. ಬ್ಯಾಂಕು ನೇಮಿಸಿದ ಡಿಎಸ್‌ಎ ಆಗಿದ್ದರೆ ಅವರಿಗೆ ಕಮಿಷನ್ ಕೊಡುವುದು ಬ್ಯಾಂಕೇ. ಸಾಲ ಪಡೆಯುವವರಿಂದಲೂ ಪ್ರತ್ಯೇಕವಾಗಿ ಹಣ ಕೇಳಿದರೆ, ಯಾವ ಆಧಾರದ ಮೇಲೆ ಎಂದು ಬ್ಯಾಂಕಿನ ಶಾಖೆಯಲ್ಲೇ ವಿಚಾರಿಸಬೇಕು. ಸ್ವತಂತ್ರ ಕನ್ಸಲ್ಟೆಂಟ್ ಆಗಿದ್ದರೆ ವಿಷಯ ಬೇರೆ. ಸಾಲದ ಮೊತ್ತದ ಶೇ. 1 ಎಂದು ಬರೆದಿದ್ದರೆ 60 ಲಕ್ಷ ರೂ. ಸಾಲಕ್ಕೆ 60,000 ರೂ. ಆಯಿತು. ಆ ಹಣ ಯಾವಾಗ ಕೊಡತಕ್ಕದ್ದು, ಸಾಲ ಮಂಜೂರಾದಾಗಲೋ ಹಣ ಬಿಡುಗಡೆಯಾದಾಗಲೋ, ಎಂಬ ಒಂದು ಸಾಲನ್ನು ಹುಡುಕಿ ಓದಬೇಕು. ಜಗಳವೆಲ್ಲ ಹುಟ್ಟುವುದು ಅಲ್ಲೇ.

ಬ್ಯಾಂಕುಗಳೊಂದಿಗೆ ತಮ್ಮ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರವನ್ನು, ಅದು ಬಳಕೆಯಾಗುವ ಮೊದಲು ಹಿಂಪಡೆಯಬಹುದೆಂದು 1872ರ ಭಾರತೀಯ ಕರಾರು ಅಧಿನಿಯಮದ ಕಲಂ 203 ಹೇಳುತ್ತದೆ. ಈಗಾಗಲೇ ಮಾಡಿದ ಕೆಲಸದ ಹೊಣೆ ಮಾತ್ರ ಉಳಿಯುತ್ತದೆ. ಅವಧಿ ನಿಗದಿಯಾಗಿದ್ದು, ಸಾಕಷ್ಟು ಕಾರಣವಿಲ್ಲದೆ ಮಧ್ಯದಲ್ಲೇ ಬಿಟ್ಟರೆ ಪರಿಹಾರ ಕೊಡಬೇಕಾಗಬಹುದು (ಕಲಂ 205). ಆದರೆ ಪತ್ರದಲ್ಲಿ ದೊಡ್ಡ ದಂಡ ಬರೆದ ಮಾತ್ರಕ್ಕೆ ಅಷ್ಟೂ ಕೊಡಬೇಕೆಂದಿಲ್ಲ. ಕಲಂ 74ರಂತೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತವೇ ಅದರ ಮೇಲ್ಮಿತಿ. ಬಡ್ಡಿ ದರದ ಬಗ್ಗೆ ಸುಳ್ಳು ಹೇಳಿ ಸಹಿ ಪಡೆದಿದ್ದರೆ ಕರಾರನ್ನೇ ರದ್ದುಪಡಿಸಿಕೊಳ್ಳಲು ಅವಕಾಶವುಂಟು.

ಫೋನಿನಲ್ಲಿ “ಬೇಡ ಬಿಡಿ” ಎಂದರೆ ಸಾಲದು. ದಿನಾಂಕ ಹಾಕಿ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಮೇಲನ್ನೂ ಮಾಡಬೇಕು. ತಮ್ಮ ಹೆಸರಿನಲ್ಲಿ ಇನ್ನು ಯಾವ ಬ್ಯಾಂಕಿಗೂ ಅರ್ಜಿ ಹಾಕಬಾರದು, ಕೊಟ್ಟ ದಾಖಲೆ ಮತ್ತು ಚೆಕ್ಕುಗಳನ್ನು ಹಿಂದಿರುಗಿಸಬೇಕು ಎಂದು ಸ್ಪಷ್ಟವಾಗಿ ಬರೆಯಬೇಕು. ಒಂದೇ ಸಮಯದಲ್ಲಿ ನಾಲ್ಕಾರು ಬ್ಯಾಂಕಿಗೆ ಫೈಲ್ ಹೋದರೆ ಸಿಬಿಲ್ ವರದಿಯಲ್ಲಿ ಅಷ್ಟೂ ವಿಚಾರಣೆಗಳು ದಾಖಲಾಗುತ್ತವೆ. ಅರ್ಜಿ ಹೋಗಿಬಿಟ್ಟಿದ್ದರೆ ಆ ಶಾಖೆಗೂ ಪತ್ರದ ಪ್ರತಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಪ್ರೊಸೆಸಿಂಗ್ ಶುಲ್ಕ ಸಾಮಾನ್ಯವಾಗಿ ವಾಪಸು ಬರುವುದಿಲ್ಲ.

ಭದ್ರತೆಗೆಂದು ಕೊಟ್ಟ ಚೆಕ್ಕಿನ ಬಗ್ಗೆ ಎಚ್ಚರ ಬೇಕು. ಪಾವತಿ ತಡೆಹಿಡಿದ ಮಾತ್ರಕ್ಕೆ ಕೇಸು ತಪ್ಪುವುದಿಲ್ಲ, ಚೆಕ್ ಬೌನ್ಸ್ ಕಾನೂನಿನ ಕಲಂ 138ರ ನೋಟಿಸು ಬರಬಹುದು. ಬಂದರೆ 15 ದಿನದೊಳಗೆ ವಕೀಲರ ಮೂಲಕ ಉತ್ತರಿಸಬೇಕು, ಸುಮ್ಮನಿರಬಾರದು. ವ್ಯಾಪಾರಸ್ಥರ ಮನೆಗಳಲ್ಲಿ ಇದು ಹೊಸ ಮಾತಲ್ಲ, ಆದರೂ ಖಾಲಿ ಚೆಕ್ಕಿಗೆ ಸಹಿ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ.

ಸಾಲ ಮಂಜೂರಾದ ಮೇಲೂ ದಾರಿ ಮುಚ್ಚಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಬ್ಯಾಂಕು ಎಲ್ಲ ಶುಲ್ಕಗಳನ್ನೂ ತೋರಿಸುವ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕು, ಮನೆ ಸಾಲಕ್ಕಾದರೆ ಅದನ್ನು ಓದಿ ಒಪ್ಪಲು ಕನಿಷ್ಠ 3 ಕೆಲಸದ ದಿನಗಳ ಅವಕಾಶವಿರಬೇಕು. ಅದರಲ್ಲಿಲ್ಲದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಬ್ಯಾಂಕು ವಸೂಲು ಮಾಡುವಂತಿಲ್ಲ.

ಏಜೆಂಟರನ್ನು ಬಿಟ್ಟರೆ ಮನೆಯ ಕ್ರಯದ ಕರಾರು ತಾನಾಗಿ ರದ್ದಾಗುವುದಿಲ್ಲ ಎಂಬುದು ಹಲವರ ಗಮನಕ್ಕೆ ಬರುವುದು ತಡವಾಗಿ. ಮಾರುವವರೊಂದಿಗಿನ ಗಡುವು ಓಡುತ್ತಲೇ ಇರುತ್ತದೆ, ಮುಂಗಡ ಹಣ ಅಪಾಯದಲ್ಲಿರುತ್ತದೆ. ಸಾಲ ಸಿಗದಿದ್ದರೆ ಮುಂಗಡ ವಾಪಸು ಎಂಬ ಷರತ್ತನ್ನು ಆ ಕರಾರಿನಲ್ಲಿ ಮೊದಲೇ ಬರೆಸಿಕೊಂಡವರು ನೆಮ್ಮದಿಯಾಗಿರುತ್ತಾರೆ.

ಡಿಎಸ್‌ಎ ಮೇಲಿನ ದೂರನ್ನು ಮೊದಲು ಬ್ಯಾಂಕಿಗೆ ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ಸಲ್ಲಿಸಬಹುದು. ಸ್ವತಂತ್ರ ಕನ್ಸಲ್ಟೆಂಟ್ ಹಣ ಹಿಂದಿರುಗಿಸದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ.