ಆಹಾರವೇ ಔಷಧವಾದ ಕಥೆ

ಈ ಶಾಲೆಯಲ್ಲಿ ಅನುವಂಶೀಯತೆಯ ಪಾಠ ಮಾಡುವಾಗಲೆಲ್ಲ ನಾನು ಮಕ್ಕಳಿಗೆ ಡಾ. ಹಾರ್ಸ್ಟ್ ಬಿಕೆಲ್ ಅವರ ವಿಷಯ ಹೇಳುತ್ತಿದ್ದೆ. ಜರ್ಮನಿಯ ಈ ಮಕ್ಕಳ ವೈದ್ಯರು 1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಿದ್ದರು. ಅಲ್ಲಿಗೆ ಬಂದ ಎರಡು ವರ್ಷದ ಹೆಣ್ಣುಮಗುವಿಗೆ ನಿಲ್ಲಲು, ಮಾತಾಡಲು ಬರುತ್ತಿರಲಿಲ್ಲ, ಸದಾ ಅಳು. ಕಾಯಿಲೆ ಫಿನೈಲ್‌ಕೀಟೋನ್ಯೂರಿಯ. ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ರಕ್ತದಲ್ಲಿ ಶೇಖರವಾಗಿ ಮಿದುಳನ್ನು ಕೆಡಿಸುತ್ತದೆ.

ಮದ್ದಿಲ್ಲವೆಂದರೂ ತಾಯಿ ಬಿಡಲಿಲ್ಲ. ದಿನವೂ ಬಂದು ಕೇಳಿದಳು. ಬಿಕೆಲ್, ಜೆರಾರ್ಡ್, ಹಿಕ್‌ಮನ್ಸ್ ಸೇರಿ ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನಿಂದ ಆ ಅಂಶವನ್ನು ತೆಗೆದು ಆಹಾರ ಸಿದ್ಧಪಡಿಸಿದರು. ಕೆಲವು ತಿಂಗಳಲ್ಲಿ ಮಗು ತೆವಳಿತು, ನಿಂತಿತು. ಅದೇ ಅಂಶವನ್ನು ಮತ್ತೆ ಬೆರೆಸಿದಾಗ ಕಲಿತದ್ದನ್ನು ಕಳೆದುಕೊಂಡಿತು. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು.

ಆದರೆ ಮಿದುಳಿಗೆ ಮೊದಲೇ ಆಗಿದ್ದ ಹಾನಿ ಪೂರ್ತಿ ಸರಿಹೋಗಲಿಲ್ಲ. ಹುಟ್ಟಿದೊಡನೆ ಪತ್ತೆಯಾಗಬೇಕಿತ್ತು. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಹಿಮ್ಮಡಿಯ ಹನಿ ರಕ್ತದಿಂದ ಅದನ್ನು ಸಾಧ್ಯವಾಗಿಸಿದರು. ಬಿಕೆಲ್ ಮುಂದೆ ಹೈಡೆಲ್‌ಬರ್ಗ್‌ನಲ್ಲಿ ಇದೇ ಕೆಲಸ ಮುಂದುವರಿಸಿದರು.

ಈ ಕಾಯಿಲೆಗೆ ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬರಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಊರುಗಳಲ್ಲಿ ಇಂಥ ಕಾಯಿಲೆಗಳ ಸಂಭವ ಹೆಚ್ಚು. ಇದು ದೇವರ ಶಾಪವಲ್ಲ. ಮಗುವಿನ ಬೆಳವಣಿಗೆ ಹಿಂದೆ ಬಿದ್ದಂತೆ ಕಂಡರೆ ಹರಕೆ ಹೊತ್ತು ಕಾಯಬೇಡಿ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.